ಶುಶ್ರೂಷಾ ಪದವಿಗೆ ವಿದ್ಯಾರ್ಥಿಗಳ ಆಯ್ಕೆ: ಶಿಫಾರಸು ಪತ್ರ ಏಕೆ ಬೇಡ?



ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗುತ್ತಿದ್ದಂತೆ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಭಕ್ತರ ಸಂಖ್ಯೆ ಹೆಚ್ಚುತ್ತದೆ. ಪೂಜ್ಯರ ದರ್ಶನ ಪಡೆದು ಪ್ರಸಾದ ಸ್ವೀಕರಿಸಿದ ಬಳಿಕ ಅವರಲ್ಲಿ ಅನೇಕರು ನಮ್ಮ ಮುಂದಿಡುವ ಬೇಡಿಕೆ ಒಂದೇ: "ಬುದ್ಧಿಯವರಿಂದ ಒಂದು ಪತ್ರ ಕೊಡಿಸಿ, ನಮ್ಮ ಹುಡುಗಿಗೆ ಮಠದ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಆಗಲಿ." ಈ ಬೇಡಿಕೆಯ ಹಿಂದೆ ಮಠದ ಮೇಲಿನ ಭರವಸೆಯಿದೆ, ಮಕ್ಕಳ ಮುಂದಿನ ಬದುಕಿನ ಚಿಂತೆಯಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಅಂತಹ ಪತ್ರವನ್ನು ಶ್ರೀಮಠವು ಕೊಡುವುದಿಲ್ಲ. ಏಕೆ ಕೊಡುವುದಿಲ್ಲ, ಪತ್ರವಿಲ್ಲದೆ ಆಯ್ಕೆ ಹೇಗೆ ನಡೆಯುತ್ತದೆ, ಅರ್ಜಿ ಹಾಕುವವರು ಏನನ್ನು ಸಿದ್ಧಪಡಿಸಿಕೊಳ್ಳಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸೀಟು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ಎರಡು ಕಡೆಯಿಂದ ಕೇಳಬಹುದು. ಒಂದು, ಅರ್ಜಿದಾರರ ಕಡೆಯಿಂದ: ಯಾರು ಬಡವರು, ಯಾರು ಮಠಕ್ಕೆ ಹತ್ತಿರದವರು, ಯಾರಿಗೆ ಹೆಚ್ಚು ಅಂಕ ಬಂದಿದೆ. ಇನ್ನೊಂದು, ನಾಲ್ಕು ವರ್ಷಗಳ ನಂತರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ರೋಗಿಯ ಕಡೆಯಿಂದ: ನಡುರಾತ್ರಿಯಲ್ಲಿ ನನ್ನ ಪಕ್ಕಕ್ಕೆ ಬರುವವರು ಎಂಥವರು? ಮೊದಲ ಪ್ರಶ್ನೆಯನ್ನು ಕೇಳುವವರು ನಮ್ಮ ಕಾರ್ಯಾಲಯಕ್ಕೆ ಬರುತ್ತಾರೆ. ಎರಡನೆಯದನ್ನು ಕೇಳಬೇಕಾದ ರೋಗಿ ಬರಲಾರ. ಆತನಿಗೆ ತಾನು ರೋಗಿಯಾಗುವೆನೆಂಬುದೇ ಇನ್ನೂ ತಿಳಿದಿಲ್ಲ. ಆದ್ದರಿಂದ ಅವನ ಪರವಾಗಿ ಆ ಪ್ರಶ್ನೆಯನ್ನು ಕೇಳುವ ಹೊಣೆ ಆಯ್ಕೆ ಮಾಡುವವರ ಮೇಲಿದೆ.

ಪದದ ಅರ್ಥದಲ್ಲೇ ಇರುವ ಸೂಚನೆ

'ಶುಶ್ರೂಷೆ' ಎಂಬ ಪದವನ್ನು ನಾವು ಸೇವೆ, ಆರೈಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಕೇಳು ಎಂಬ ಅರ್ಥದ 'ಶ್ರು' ಧಾತುವಿನಿಂದ ಹುಟ್ಟಿದ ಈ ಪದದ ಮೂಲಾರ್ಥ 'ಕೇಳಬೇಕೆಂಬ ಇಚ್ಛೆ'. ಗುರುವಿನ ಮಾತನ್ನು ಕೇಳುವ ಶಿಷ್ಯನ ವಿಧೇಯತೆಯಿಂದ ಆರಂಭವಾಗಿ ಅದು ಸೇವೆ ಎಂಬ ಅರ್ಥಕ್ಕೆ ಬೆಳೆಯಿತು. ರೋಗಿ ಹೇಳುವುದನ್ನು ಕೇಳುವುದು, ಹೇಳಲಾರದ್ದನ್ನು ಮುಖ ನೋಡಿ ತಿಳಿಯುವುದು, ವೈದ್ಯರ ಸೂಚನೆಯನ್ನು ತಪ್ಪಿಲ್ಲದೆ ಗ್ರಹಿಸುವುದು ಇವೆಲ್ಲವೂ ಆ ಒಂದು ಪದದೊಳಗಿವೆ. ಆಯ್ಕೆಯಲ್ಲಿ ನಾವು ಮುಖ್ಯವಾಗಿ ಹುಡುಕಬೇಕಾದ ಗುಣ ಯಾವುದೆಂಬುದನ್ನು ಪದವೇ ಹೇಳುತ್ತಿದೆ.

ಶರಣ ಪರಂಪರೆಯವರಾದ ನಮಗೆ ಇನ್ನೊಂದು ವಿಷಯವೂ ಇಲ್ಲಿ ಪ್ರಸ್ತುತ. ಮೈ ಮುಟ್ಟುವ, ಮಲಮೂತ್ರ ತೆಗೆಯುವ, ಗಾಯ ತೊಳೆಯುವ ಕೆಲಸವನ್ನು ನಮ್ಮ ಸಮಾಜ ಬಹುಕಾಲ ಕೀಳೆಂದು ಕಂಡಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಒಗೆಯುವ ಮಡಿವಾಳ ಮಾಚಿದೇವರೂ ಚರ್ಮದ ಕೆಲಸದ ಹರಳಯ್ಯನವರೂ ವೈದ್ಯ ಸಂಗಣ್ಣನವರೂ ಶರಣರಾಗಿ ಸಮಾನರಾಗಿದ್ದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು, ಮಗಳು ನರ್ಸ್ ಆಗುತ್ತೇನೆಂದಾಗ ಮುಖ ಸಿಂಡರಿಸಿದರೆ ಆ ಮಾತಿಗೆ ಬೆಲೆಯಿಲ್ಲ. ಹಾಗೆಯೇ, "ನೀಟ್‌ನಲ್ಲಿ ಸೀಟು ಸಿಗಲಿಲ್ಲ, ನರ್ಸಿಂಗ್ ಆದರೂ ಆಗಲಿ" ಎಂಬ ಮಾತಿನಲ್ಲಿರುವ 'ಆದರೂ' ಎಂಬುದನ್ನು ಪಾಲಕರು ಒಮ್ಮೆ ಯೋಚಿಸಬೇಕು. ವೈದ್ಯಕೀಯಕ್ಕೆ ಪ್ರಯತ್ನಿಸಿ ಬಂದವರೆಲ್ಲ ಶುಶ್ರೂಷೆಗೆ ಅನರ್ಹರೆಂದು ಇದರ ಅರ್ಥವಲ್ಲ. ಆದರೆ ಬೇರೆ ದಾರಿಯಿಲ್ಲವೆಂದು ಬಂದವರು ಇದನ್ನು ಬೇಕೆಂದು ಆರಿಸಿಕೊಳ್ಳುವ ಮನಸ್ಸನ್ನು ಆಮೇಲಾದರೂ ಮಾಡಬೇಕಾಗುತ್ತದೆ.

ನಿಯಮಗಳು ಕೇಳುವ ಅರ್ಹತೆ

ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷಗಳ, ಅಂದರೆ ಎಂಟು ಸೆಮಿಸ್ಟರುಗಳ ಪದವಿ. 1947ರ ಅಧಿನಿಯಮದಂತೆ ರಚಿತವಾದ ಭಾರತೀಯ ಶುಶ್ರೂಷಾ ಪರಿಷತ್ತು ಇದರ ಪಠ್ಯಕ್ರಮವನ್ನೂ ಕನಿಷ್ಠ ಅರ್ಹತೆಯನ್ನೂ ನಿಗದಿಪಡಿಸಿದೆ. 2021ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಾವಳಿಯಂತೆ ಅಭ್ಯರ್ಥಿಗೆ ಪ್ರವೇಶದ ವರ್ಷದ ಡಿಸೆಂಬರ್ 31ರೊಳಗೆ 17 ವರ್ಷ ತುಂಬಿರಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟಾರೆ ಶೇ. 45 ಅಂಕಗಳಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40. ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಉತ್ತೀರ್ಣರಾಗಿರಬೇಕು. ವೈದ್ಯಕೀಯವಾಗಿ ಸದೃಢರಾಗಿರಬೇಕು. ಪ್ರವೇಶ ಪರೀಕ್ಷೆಯನ್ನೂ ಬರೆದಿರಬೇಕು.

ಆ ಪ್ರವೇಶ ಪರೀಕ್ಷೆಗೆ ಪರಿಷತ್ತು ಸೂಚಿಸಿದ ಮಾದರಿಯಲ್ಲಿ ಐದು ಭಾಗಗಳಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಹಾಗೂ ಶುಶ್ರೂಷಾ ಪ್ರವೃತ್ತಿ, ಪ್ರತಿಯೊಂದಕ್ಕೂ 20 ಅಂಕ. ನಮ್ಮ ರಾಜ್ಯದಲ್ಲಿ ಈಗ ಸರ್ಕಾರಿ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿಯ ಆಧಾರದ ಮೇಲೆ ಹಂಚುತ್ತಿದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೂ 60 ಪ್ರಶ್ನೆಗಳು, 60 ಅಂಕಗಳು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ ಮೊದಲಾದ ಹಲವು ಕೋರ್ಸುಗಳಿಗೆ ನಡೆಯುವ ಈ ಪರೀಕ್ಷೆಯಲ್ಲಿ ಶುಶ್ರೂಷಾ ಪ್ರವೃತ್ತಿಯನ್ನು ಅಳೆಯುವ ಭಾಗವಿಲ್ಲ. ಇದು ಪ್ರಾಧಿಕಾರದ ಕೊರತೆಯಲ್ಲ. ಲಕ್ಷಾಂತರ ಮಕ್ಕಳು ಒಂದೇ ಹೊತ್ತಿಗೆ ಬರೆಯುವ ಪರೀಕ್ಷೆಗೆ ಅದರದೇ ಮಿತಿಯಿದೆ.

ಸರ್ಕಾರಿ ಪಾಲಿನ ಸೀಟುಗಳ ವಿಷಯದಲ್ಲಿ ಕಾಲೇಜಿಗೆ ಯಾವ ಆಯ್ಕೆಯ ಅಧಿಕಾರವೂ ಇಲ್ಲ. ಪ್ರಾಧಿಕಾರ ಕಳುಹಿಸಿದವರನ್ನು ಸ್ವಾಗತಿಸುವುದಷ್ಟೇ ನಮ್ಮ ಕರ್ತವ್ಯ. ಆಡಳಿತ ಮಂಡಳಿಯ ಪಾಲಿನ ಸೀಟುಗಳ ಆಯ್ಕೆ ಮಾತ್ರ ನಮ್ಮ ಕೈಯಲ್ಲಿದೆ, ಅದೂ ನಿಯಮಗಳ ಚೌಕಟ್ಟಿನೊಳಗೆ. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಆ ಸೀಟುಗಳಿಗೆ ಸಂಬಂಧಿಸಿದ್ದು. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಪರಿಚರ್ಯಾ ಆಯೋಗದ ಅಧಿನಿಯಮವನ್ನು ಅಂಗೀಕರಿಸಿದ್ದು, ಹಳೆಯ ಪರಿಷತ್ತಿನ ಸ್ಥಾನದಲ್ಲಿ ಹೊಸ ಆಯೋಗ ಬರಬೇಕಾಗಿದೆ. ಆದ್ದರಿಂದ ಪಾಲಕರು ಹಿಂದಿನ ವರ್ಷದ ಮಾತನ್ನು ನಂಬದೆ ಆಯಾ ವರ್ಷದ ಅಧಿಸೂಚನೆಯನ್ನೇ ಓದಬೇಕು.

ಅಂಕಗಳು ಹೇಳುವುದೇನು, ಹೇಳದಿರುವುದೇನು

"ಅಂಕಪಟ್ಟಿ ನೋಡಿ ಮೇಲಿನಿಂದ ಕೆಳಕ್ಕೆ ಸೀಟು ಕೊಟ್ಟುಬಿಡಿ, ಜಗಳವೇ ಇರುವುದಿಲ್ಲ" ಎಂದು ಸಲಹೆ ಕೊಡುವ ಹಿರಿಯರಿದ್ದಾರೆ. ಈ ಸಲಹೆಯಲ್ಲಿ ಸತ್ಯಾಂಶವಿದೆ. ಶುಶ್ರೂಷಾ ವಿದ್ಯಾಭ್ಯಾಸ ಸುಲಭದ್ದಲ್ಲ. ಮೊದಲ ಸೆಮಿಸ್ಟರಿನಲ್ಲೇ ಅನ್ವಯಿಕ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳ ಜೊತೆಗೆ ಶುಶ್ರೂಷೆಯ ತಳಹದಿಯ ಪಾಠಗಳು ಆರಂಭವಾಗುತ್ತವೆ. ಮುಂದೆ ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳು ಬರುತ್ತವೆ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು. ಪದವಿ ದೊರೆಯುವ ಮುನ್ನ ಪ್ರಾಯೋಗಿಕ ತರಬೇತಿಯ ಹಾಜರಾತಿ ಶೇ. 100 ಆಗಿರಬೇಕು. ವಿಜ್ಞಾನದ ಅಡಿಪಾಯವಿಲ್ಲದವರನ್ನು ಕರುಣೆಯಿಂದ ಸೇರಿಸಿಕೊಂಡರೆ, ಅವರು ಎರಡನೆಯ ವರ್ಷದಲ್ಲಿ ಸೋತು, ಕಟ್ಟಿದ ಶುಲ್ಕವನ್ನೂ ಕಳೆದ ಕಾಲವನ್ನೂ ಹೊತ್ತು ಊರಿಗೆ ಮರಳುತ್ತಾರೆ. ಅದು ಕರುಣೆಯಲ್ಲ.

ಹಿಂದಿನ ಪರೀಕ್ಷೆಗಳಲ್ಲಿ ಚೆನ್ನಾಗಿ ಓದಿದವರು ಮುಂದಿನ ಪರೀಕ್ಷೆಗಳಲ್ಲೂ ಚೆನ್ನಾಗಿ ಓದುತ್ತಾರೆಂಬುದು ಎಲ್ಲ ದೇಶಗಳ ಶಿಕ್ಷಕರ ಅನುಭವ. ಆದರೆ ರೋಗಿಯ ಪಕ್ಕದಲ್ಲಿ ಅವರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಅಂಕಪಟ್ಟಿ ಅಷ್ಟೇ ನಿಖರವಾಗಿ ಹೇಳಲಾರದು. ಇದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಕಣ್ಣು ತೆರೆಸುವಂತಿದೆ. ಅಲ್ಲಿಯ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳು ಅನುಭವಿಸಿದ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆದು, 2013ರಲ್ಲಿ ವರದಿ ಹೊರಬಂತು. ನೀರು ಕೈಗೆಟುಕದೆ ಬಾಯಾರಿದ ವೃದ್ಧರು, ಹೊಲಸಾದ ಹಾಸಿಗೆಯಲ್ಲೇ ಬಿಡಲ್ಪಟ್ಟ ರೋಗಿಗಳು ಅಲ್ಲಿದ್ದರು. ಅಲ್ಲಿನ ಶುಶ್ರೂಷಕರು ಪರೀಕ್ಷೆ ಪಾಸಾಗದವರೇನಲ್ಲ. ಖರ್ಚು ಉಳಿಸಲು ಸಿಬ್ಬಂದಿಯನ್ನು ಕಡಿತಗೊಳಿಸಿದ ಆಡಳಿತದ ತಪ್ಪನ್ನು ವರದಿ ಎತ್ತಿ ತೋರಿಸಿತು. ಅದರ ಜೊತೆಗೆ, ಶುಶ್ರೂಷಾ ವಿದ್ಯಾಭ್ಯಾಸಕ್ಕೆ ಬರುವವರ ಮನೋಭಾವವನ್ನೂ ಮೌಲ್ಯಗಳನ್ನೂ ಪ್ರವೇಶದ ಹಂತದಲ್ಲೇ ನೋಡಬೇಕೆಂದೂ ಹೇಳಿತು. ಅನಂತರ ಆ ದೇಶದಲ್ಲಿ ಮೌಲ್ಯಾಧಾರಿತ ಆಯ್ಕೆ ಎಂಬ ಪದ್ಧತಿ ರೂಪುಗೊಂಡಿತು.

ಈ ವಿಚಾರ ಹೊಸದೇನೂ ಅಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ಶುಶ್ರೂಷಾ ಶಾಲೆ ಆರಂಭವಾದಾಗ, ಪ್ರತಿ ವಿದ್ಯಾರ್ಥಿನಿಯ ಕೌಶಲದ ಜೊತೆಗೆ ಸಮಯಪಾಲನೆ, ನಂಬಿಕೆಗೆ ಅರ್ಹತೆ, ಶುಚಿತ್ವ ಮುಂತಾದ ಗುಣಗಳನ್ನೂ ತಿಂಗಳಿಗೊಮ್ಮೆ ಬರೆದಿಡುವ ಪಟ್ಟಿಯಿತ್ತು.

ಸಂದರ್ಶನವೆಂಬ ಎರಡು ಅಲಗಿನ ಕತ್ತಿ

ಹಾಗಾದರೆ ಸಂದರ್ಶನ ಮಾಡಿ ಗುಣ ನೋಡಿ ಸೇರಿಸಿಕೊಂಡರಾಯಿತಲ್ಲ ಎನ್ನಬಹುದು. ಇಲ್ಲಿ ನಾವು ಹೆಚ್ಚು ಎಚ್ಚರದಿಂದಿರಬೇಕು. ನಾಲ್ವರು ಹಿರಿಯರು ಮೇಜಿನ ಆಚೆ ಕುಳಿತು, ಮನಸ್ಸಿಗೆ ಬಂದ ಪ್ರಶ್ನೆ ಕೇಳಿ, ಹತ್ತು ನಿಮಿಷದಲ್ಲಿ "ಹುಡುಗಿ ಒಳ್ಳೆಯವಳು" ಎಂದು ತೀರ್ಮಾನಿಸುವ ಪದ್ಧತಿ ಅಂಕಪಟ್ಟಿಗಿಂತ ನ್ಯಾಯವಾದುದಲ್ಲ. ಅಂತಹ ಸಂದರ್ಶನದಲ್ಲಿ ನಮಗೆ ಇಷ್ಟವಾಗುವವರು ನಮ್ಮಂತೆಯೇ ಇರುವವರು: ನಮ್ಮ ಸೀಮೆಯ ಮಾತಾಡುವವರು, ಪರಿಚಿತರ ಮನೆಯವರು, ಧೈರ್ಯವಾಗಿ ಉತ್ತರಿಸುವವರು. ಬಾಗಿಲಲ್ಲೇ ನಡುಗುವ ಹಳ್ಳಿಯ ಹುಡುಗಿಯ ಕೈಯಲ್ಲಿ ಎಂಥ ಆರೈಕೆಯ ಶಕ್ತಿಯಿದೆಯೋ ಹತ್ತು ನಿಮಿಷದಲ್ಲಿ ಗೊತ್ತಾಗದು. "ಸೇವೆ ಮಾಡುವ ಆಸೆಯಿದೆ" ಎಂಬ ವಾಕ್ಯವನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿಕೊಂಡು ಬರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಲೆಕ್ಕವಿಲ್ಲದ ಸಂದರ್ಶನವೇ ಶಿಫಾರಸು ಒಳನುಸುಳುವ ಹಿತ್ತಲ ಬಾಗಿಲು. ಅಂಕಗಳನ್ನು ತಿದ್ದುವುದು ಕಷ್ಟ, ಅಭಿಪ್ರಾಯವನ್ನು ತಿದ್ದುವುದು ಸುಲಭ.

ಶೂನ್ಯಸಂಪಾದನೆಯನ್ನು ಓದಿದವರಿಗೆ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗ ತಿಳಿದಿದೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕನಿಗೆ ಹಾಕಿದ ಪ್ರಶ್ನೆಗಳು ಕಠಿಣವಾದವು, ಸಭೆಯ ಎದುರಿನಲ್ಲೇ ಕೇಳಿದವು. ಅಕ್ಕ ತನ್ನ ನಿಲುವನ್ನು ತನ್ನ ಮಾತಿನಲ್ಲೇ ತೋರಿದಳು. ಯಾರ ಪತ್ರವೂ ಅವಳ ಪರವಾಗಿ ಮಾತಾಡಲಿಲ್ಲ. ಪ್ರಶ್ನೆ ಬಹಿರಂಗವಾಗಿರಬೇಕು, ಉತ್ತರ ಅಭ್ಯರ್ಥಿಯದೇ ಆಗಿರಬೇಕು ಎಂಬ ಎರಡು ತತ್ತ್ವಗಳನ್ನು ನಾವು ಈ ಪ್ರಸಂಗದಿಂದ ಕಲಿಯಬಹುದು.

ನಾವು ಅನುಸರಿಸುವ ಕ್ರಮ

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಈ ಶತಮಾನದ ಆರಂಭದಲ್ಲಿ ವೈದ್ಯಕೀಯ ಪ್ರವೇಶಕ್ಕಾಗಿ ಒಂದು ಪದ್ಧತಿಯನ್ನು ರೂಪಿಸಿದರು. ಒಂದು ದೀರ್ಘ ಸಂದರ್ಶನದ ಬದಲು ಹಲವು ಕಿರು ಸಂದರ್ಶನಗಳು. ಪ್ರತಿ ಕೊಠಡಿಯಲ್ಲಿ ಒಬ್ಬರೇ ಪರೀಕ್ಷಕರು, ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಮೊದಲೇ ಬರೆದಿಟ್ಟ ಅಂಕ ಕೊಡುವ ಸೂತ್ರ. ಅಭ್ಯರ್ಥಿ ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುತ್ತಾ ಸಾಗುತ್ತಾರೆ. ಒಬ್ಬ ಪರೀಕ್ಷಕರ ಮೆಚ್ಚುಗೆಯೋ ಅಸಮಾಧಾನವೋ ಇಡೀ ಫಲಿತಾಂಶವನ್ನು ತೂಗಿಬಿಡಲಾಗದು ಎಂಬುದು ಇದರ ಹಿರಿದಾದ ಗುಣ. ಶುಶ್ರೂಷಾ ಪ್ರವೇಶದಲ್ಲೂ ಹಲವು ದೇಶಗಳು ಇದನ್ನು ಬಳಸುತ್ತಿವೆ. ಇದೇ ಮಾದರಿಯನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಸರಳಗೊಳಿಸಿಕೊಂಡು, ಆಡಳಿತ ಮಂಡಳಿಯ ಸೀಟುಗಳಿಗೆ ಅನುಸರಿಸುತ್ತಿದ್ದೇವೆ.

ಮೊದಲ ಹಂತ ಅಂಕಗಳದು. ಪರಿಷತ್ತು ಹೇಳಿದ ಕನಿಷ್ಠ ಅಂಕ, ವಯಸ್ಸು, ಪ್ರವೇಶ ಪರೀಕ್ಷೆ ಇವನ್ನು ಪೂರೈಸದವರ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿ ಯಾರಿಗೂ ವಿನಾಯಿತಿಯಿಲ್ಲ.

ಎರಡನೆಯ ಹಂತ ನಾಲ್ಕು ಕೊಠಡಿಗಳದು. ಪರೀಕ್ಷಕರ ಕೈಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ ಮಾತ್ರ ಇರುತ್ತದೆ. ಹೆಸರು, ಊರು, ತಂದೆಯ ಉದ್ಯೋಗ, ಜಾತಿ ಇರುವುದಿಲ್ಲ. ಅಭ್ಯರ್ಥಿಯ ಪರಿಚಯವಿರುವ ಪರೀಕ್ಷಕರು ಆ ಅಭ್ಯರ್ಥಿಯ ಮಟ್ಟಿಗೆ ಹೊರಗುಳಿಯುತ್ತಾರೆ.

ಒಂದನೆಯ ಕೊಠಡಿಯಲ್ಲಿ ಲೆಕ್ಕ ಮತ್ತು ಎಚ್ಚರ. ಉದಾಹರಣೆಗೆ, ವೈದ್ಯರು 500 ಮಿ.ಗ್ರಾಂ. ಔಷಧ ಬರೆದಿದ್ದಾರೆ, ಕೈಯಲ್ಲಿರುವುದು 250 ಮಿ.ಗ್ರಾಂ. ಮಾತ್ರೆಗಳು, ಎಷ್ಟು ಕೊಡಬೇಕು? 500 ಮಿ.ಲೀ. ದ್ರಾವಣ ನಾಲ್ಕು ಗಂಟೆಗಳಲ್ಲಿ ಮುಗಿಯಬೇಕಾದರೆ ಗಂಟೆಗೆ ಎಷ್ಟು ಹೋಗಬೇಕು? ಎರಡು ಮಾತ್ರೆ, 125 ಮಿ.ಲೀ. ಎಂಬ ಉತ್ತರ ಕಷ್ಟದ್ದಲ್ಲ. ಆದರೆ ಅವಸರದಲ್ಲಿ ಉತ್ತರ ಬರೆದು ಎದ್ದುಬಿಡುವವರೂ ಇದ್ದಾರೆ, ಬರೆದದ್ದನ್ನು ಇನ್ನೊಮ್ಮೆ ಪರಿಶೀಲಿಸುವವರೂ ಇದ್ದಾರೆ. ಔಷಧದ ಕೆಲಸದಲ್ಲಿ ಈ ಎರಡನೆಯ ಅಭ್ಯಾಸವೇ ಜೀವ ಉಳಿಸುವುದು.

ಎರಡನೆಯ ಕೊಠಡಿಯಲ್ಲಿ ಕೇಳುವ ಗುಣ. ಸಿಬ್ಬಂದಿಯೊಬ್ಬರು ಊಟ ಬೇಡವೆಂದು ಮುಖ ತಿರುಗಿಸಿದ ಅಜ್ಜಿಯಂತೆ ಕುಳಿತಿರುತ್ತಾರೆ. ಅಭ್ಯರ್ಥಿ ಅವರೊಡನೆ ಐದು ನಿಮಿಷ ಮಾತಾಡಬೇಕು. ಉಪದೇಶ ಮಾಡುವವರಿಗಿಂತ "ಯಾಕಜ್ಜಿ, ಹೊಟ್ಟೆ ನೋಯ್ತಿದೆಯಾ?" ಎಂದು ಕೇಳಿ ಉತ್ತರಕ್ಕೆ ಕಾಯುವವರಿಗೆ ಇಲ್ಲಿ ಹೆಚ್ಚು ಅಂಕ.

ಮೂರನೆಯ ಕೊಠಡಿಯಲ್ಲಿ ಪ್ರಾಮಾಣಿಕತೆಯ ಪ್ರಶ್ನೆ. ನಿಮ್ಮ ಗೆಳತಿ ಒಬ್ಬ ರೋಗಿಗೆ ಬೇರೊಬ್ಬರ ಮಾತ್ರೆ ಕೊಟ್ಟದ್ದನ್ನು ನೀವು ಕಂಡಿರಿ, ಬೇರೆ ಯಾರೂ ನೋಡಿಲ್ಲ, ಏನು ಮಾಡುತ್ತೀರಿ? ಬಾಯಿಪಾಠದ ಉತ್ತರದಿಂದ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಪರೀಕ್ಷಕರು ಮರುಪ್ರಶ್ನೆ ಹಾಕುತ್ತಾರೆ: ಗೆಳತಿ ಅತ್ತು ಬೇಡಿಕೊಂಡರೆ? ಮೊದಲು ರೋಗಿಯ ಸುರಕ್ಷತೆ, ಬಳಿಕ ಮೇಲಿನವರಿಗೆ ತಿಳಿಸುವುದು, ಆಮೇಲೆ ಗೆಳತಿಯ ಕೈ ಬಿಡದಿರುವುದು ಎಂಬ ಕ್ರಮ ಅವರ ಯೋಚನೆಯಲ್ಲಿ ಮೂಡುತ್ತದೆಯೇ ಎಂಬುದನ್ನು ನೋಡಲಾಗುತ್ತದೆ.

ನಾಲ್ಕನೆಯ ಕೊಠಡಿಯಲ್ಲಿ ಈ ವೃತ್ತಿಯ ಅರಿವು. ರಾತ್ರಿ ಪಾಳಿ, ಹಬ್ಬದ ದಿನದ ಕರ್ತವ್ಯ, ಬೆಡ್‌ಪ್ಯಾನ್, ಸಾವಿನ ಸನ್ನಿಧಿ ಇವು ಈ ವೃತ್ತಿಯಲ್ಲಿ ಇವೆಯೆಂಬುದು ಅಭ್ಯರ್ಥಿಗೆ ತಿಳಿದಿದೆಯೇ? ಇದಕ್ಕೆ ಸಿದ್ಧರಾಗಲೆಂದೇ ಸಂದರ್ಶನದ ಮುನ್ನ ಅಭ್ಯರ್ಥಿಗಳಿಗೆ ಶುಶ್ರೂಷಕಿಯರ ಜೊತೆ ಅರ್ಧ ದಿನ ವಾರ್ಡಿನಲ್ಲಿರಲು ಅವಕಾಶ ಕೊಡಲಾಗುತ್ತದೆ. ರೋಗಿಗಳ ಖಾಸಗಿತನಕ್ಕೆ ಧಕ್ಕೆಯಾಗದಂತೆ, ಮುಟ್ಟದೆ, ನೋಡಿ ತಿಳಿಯುವುದಷ್ಟೇ ಅವರ ಕೆಲಸ. ಅದನ್ನು ನೋಡಿ "ಇದು ನನಗಲ್ಲ" ಎಂದು ಅರಿತು ತಾನಾಗಿ ಹಿಂದೆ ಸರಿಯುವುದು ಅವಮಾನವಲ್ಲ. ಎರಡು ವರ್ಷ ಕಳೆದ ಮೇಲೆ ಅರಿಯುವುದಕ್ಕಿಂತ ಇದು ಮೇಲು.

ಮೂರನೆಯ ಹಂತದಲ್ಲಿ ಎರಡೂ ಹಂತಗಳ ಅಂಕಗಳನ್ನು ಕೂಡಿಸಿ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಲಾಗುತ್ತದೆ. ಯಾವ ಹಂತಕ್ಕೆ ಎಷ್ಟು ತೂಕ ಎಂಬುದನ್ನು ಅರ್ಜಿ ಕೊಡುವಾಗಲೇ ಬರಹದಲ್ಲಿ ತಿಳಿಸಲಾಗಿರುತ್ತದೆ. ಅಂಕಗಳು ಸಮನಾದರೆ ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಪಡೆದವರಿಗೆ ಆದ್ಯತೆ. ಆಯ್ಕೆಯಾಗದವರು ತಮ್ಮ ಅಂಕದ ಹಾಳೆಯನ್ನು ಕೇಳಿ ನೋಡಬಹುದು. ಏಕೆ ಆಗಲಿಲ್ಲವೆಂದು ತಿಳಿಯುವುದು ಅವರ ಹಕ್ಕು.

ಅಳೆಯಬಾರದ ವಿಷಯಗಳು

ಯಾವುದನ್ನು ನೋಡಬೇಕೆಂಬುದರಷ್ಟೇ ಯಾವುದನ್ನು ನೋಡಬಾರದೆಂಬುದೂ ಮುಖ್ಯ. ಬಣ್ಣ, ಎತ್ತರ, ಉಡುಪಿನ ಚೆಂದ ಇವುಗಳಿಗೆ ಅಂಕವಿಲ್ಲ. "ಮದುವೆಯಾದ ಮೇಲೆ ಕೆಲಸ ಬಿಡುತ್ತೀಯಾ?" ಎಂಬ ಪ್ರಶ್ನೆಯನ್ನು ಯಾವ ಹುಡುಗಿಗೂ ಕೇಳಬಾರದೆಂದು ಪರೀಕ್ಷಕರಿಗೆ ಲಿಖಿತ ಸೂಚನೆಯಿದೆ. "ಹೆಣ್ಣುಮಕ್ಕಳ ಕೆಲಸಕ್ಕೆ ಏಕೆ ಬಂದೆ?" ಎಂದು ಯಾವ ಹುಡುಗನನ್ನೂ ಕೇಳಬಾರದು. ಶುಶ್ರೂಷೆಗೆ ಲಿಂಗಭೇದವಿಲ್ಲ. ವಿದೇಶಕ್ಕೆ ಹೋಗುವ ಆಸೆಯಿದೆಯೇ ಎಂದೂ ಕೇಳುವುದಿಲ್ಲ. ದುಡಿಮೆಯಿಂದ ಮನೆಯನ್ನು ಎತ್ತಿ ನಿಲ್ಲಿಸುವ ಬಯಕೆ ತಪ್ಪಲ್ಲ.

ಇಂಗ್ಲಿಷಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಪಾಠಗಳೂ ಔಷಧಗಳ ಹೆಸರುಗಳೂ ಇಂಗ್ಲಿಷಿನಲ್ಲಿರುವುದರಿಂದ ಓದಿ ಅರ್ಥಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕೇ ಬೇಕು. ಆದರೆ ನಿರರ್ಗಳವಾಗಿ ಮಾತಾಡುವುದು ಪ್ರವೇಶದ ದಿನದ ಅರ್ಹತೆಯಲ್ಲ. ಸಂವಹನ ಇಂಗ್ಲಿಷ್ ಎಂಬ ವಿಷಯವನ್ನು ಪಠ್ಯಕ್ರಮವೇ ಮೊದಲ ಸೆಮಿಸ್ಟರಿನಲ್ಲಿ ಇಟ್ಟಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಒಂದು ಅನುಕೂಲವೂ ಉಂಟು. ನಮ್ಮ ಆಸ್ಪತ್ರೆಗೆ ಬರುವ ರೈತ, ಕೂಲಿಕಾರ, ಬಾಣಂತಿ ತಮ್ಮ ನೋವನ್ನು ಹೇಳಿಕೊಳ್ಳುವುದು ತಮ್ಮ ಸೀಮೆಯ ಕನ್ನಡದಲ್ಲಿ. 'ಎದೆ ಹಿಡಿದಂಗಾಗ್ತದೆ', 'ಕೈಕಾಲು ಜೋಮು ಹಿಡಿದಿದೆ', 'ತಲೆ ಗಿರ್ರಂತದೆ' ಎಂಬ ಮಾತುಗಳ ವ್ಯತ್ಯಾಸವನ್ನು ಒಡನೆ ಹಿಡಿಯುವ ಕಿವಿ ರೋಗಿಗೆ ದೊಡ್ಡ ಆಸರೆ. ಆದ್ದರಿಂದ ಕೊಠಡಿಗಳಲ್ಲಿ ಅಭ್ಯರ್ಥಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ತನಗೆ ಬೇಕಾದಂತೆ ಉತ್ತರಿಸಬಹುದು. ಹೊರರಾಜ್ಯಗಳಿಂದ ಬಂದು ನಮ್ಮಲ್ಲಿ ಕಲಿಯುವ ಮಕ್ಕಳಿಗೆ ನಾವು ಕನ್ನಡ ಕಲಿಸುತ್ತೇವೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಅದಕ್ಕಿಂತ ಕಷ್ಟವೇನಲ್ಲ.

ಲಿಂಗಾಯತ ಮಠದ ಕಾಲೇಜಿನಲ್ಲಿ ಲಿಂಗಾಯತ ಮಕ್ಕಳಿಗೆ ಮೊದಲ ಆದ್ಯತೆ ಇರಬೇಡವೇ ಎಂದು ಕೇಳುವವರಿಗೂ ಉತ್ತರಿಸಬೇಕಾಗಿದೆ. ಸರ್ಕಾರದ ಮೀಸಲಾತಿ ನಿಯಮಗಳು ಎಲ್ಲೆಲ್ಲಿ ಅನ್ವಯಿಸುವುವೋ ಅಲ್ಲೆಲ್ಲ ಅವನ್ನು ಪಾಲಿಸುತ್ತೇವೆ. ಅದರಾಚೆಗೆ ಕುಲ ಕೇಳುವುದಿಲ್ಲ. ಕುಲವನ್ನು ಕೇಳದಿರುವುದೇ ಬಸವಾದಿ ಶರಣರ ಮಾರ್ಗವೆಂದ ಮೇಲೆ, ಅವರ ಹೆಸರಿನಲ್ಲಿ ಕುಲ ಕೇಳುವುದು ಹೇಗೆ?

ಪತ್ರ, ವಂತಿಗೆ, ಮಧ್ಯವರ್ತಿ

ಶಿಫಾರಸು ಪತ್ರವನ್ನು ಏಕೆ ಕೊಡುವುದಿಲ್ಲವೆಂಬುದು ಈಗ ಸ್ಪಷ್ಟವಾಗಿರಬಹುದು. ಪೂಜ್ಯರ ಪತ್ರ ಒಂದು ಮಗುವಿಗೆ ಸೀಟು ಕೊಡಿಸಿದರೆ, ಅದೇ ಪತ್ರ ಹೆಸರಿಲ್ಲದ ಇನ್ನೊಂದು ಮಗುವಿನ ಸೀಟನ್ನು ಕಿತ್ತುಕೊಂಡಿರುತ್ತದೆ. ಆ ಇನ್ನೊಂದು ಮಗುವಿನ ತಂದೆಗೆ ಮಠದ ಕಾರ್ಯಾಲಯದ ದಾರಿಯೂ ಗೊತ್ತಿರುವುದಿಲ್ಲ. ಭಕ್ತರೆಲ್ಲರೂ ಗುರುವಿಗೆ ಸಮಾನರು. ಪತ್ರ ಕೊಟ್ಟ ದಿನ ಆ ಸಮಾನತೆ ಮುರಿಯುತ್ತದೆ.

ವಂತಿಗೆಯ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ. ನಮ್ಮ ರಾಜ್ಯದಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಅಧಿನಿಯಮ 1984ರಿಂದಲೇ ಇದೆ. ಖಾಸಗಿ ವೃತ್ತಿಶಿಕ್ಷಣ ಸಂಸ್ಥೆಗಳಿಗೆ ಪ್ರವೇಶದಲ್ಲಿ ಸ್ವಾತಂತ್ರ್ಯವಿದ್ದರೂ ಆ ಪ್ರಕ್ರಿಯೆ ನ್ಯಾಯಯುತ, ಪಾರದರ್ಶಕ ಮತ್ತು ಶೋಷಣೆರಹಿತವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2005ರ ಪಿ.ಎ. ಇನಾಂದಾರ್ ಪ್ರಕರಣದ ತೀರ್ಪಿನಲ್ಲಿ ಹೇಳಿದೆ. ಶ್ರೀಮಠಕ್ಕೆ ಭಕ್ತರು ಸಲ್ಲಿಸುವ ಕಾಣಿಕೆಗೂ ಕಾಲೇಜಿನ ಪ್ರವೇಶಕ್ಕೂ ಯಾವ ಸಂಬಂಧವೂ ಇಲ್ಲ. ಪ್ರವೇಶದ ಋತುವಿನಲ್ಲಿ ಅರ್ಜಿದಾರರ ಕುಟುಂಬದಿಂದ ದೊಡ್ಡ ಕಾಣಿಕೆ ಬಂದರೆ, ಪ್ರವೇಶ ಮುಗಿಯುವವರೆಗೆ ಸ್ವೀಕರಿಸಲಾಗದೆಂದು ವಿನಯದಿಂದ ಹಿಂದಿರುಗಿಸಲಾಗುವುದು.

ಕಾಲೇಜಿಗೆ ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬುದಕ್ಕೂ ಮಿತಿಯಿದೆ. ಶುಶ್ರೂಷೆಯನ್ನು ಕಲಿಯುವುದು ರೋಗಿಗಳ ಬಳಿ. ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ವಿದ್ಯಾರ್ಥಿಗಳ ಸಂಖ್ಯೆ ಇರಬೇಕು. "ಇನ್ನೈದು ಸೀಟು ಹೆಚ್ಚಿಸಿ" ಎಂಬ ಕೋರಿಕೆ ಬಂದಾಗ ನಮಗೆ ನೆನಪಾಗುವುದು ಆಯ್ದಕ್ಕಿ ಲಕ್ಕಮ್ಮ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ನಮಗೆ ಸಲ್ಲುವಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬನ್ನಿ ಎಂದ ತಾಯಿ ಆಕೆ.

ಮಧ್ಯವರ್ತಿಗಳ ಬ��್ಗೆ ಎಚ್ಚರಿಕೆಯ ಮಾತು. "ನಿಯಮ ಏನೇ ಇರಲಿ, ಇಷ್ಟು ಕೊಟ್ಟರೆ ಸೀಟು ಖಚಿತ" ಎನ್ನುವವರು ಊರೂರಲ್ಲಿದ್ದಾರೆ. ಯಾವ ಕಾಲೇಜಿಗೆ ಸೇರುವುದಿದ್ದರೂ ಮುಂಗಡ ಹಣ ಕಟ್ಟುವ ಮುನ್ನ ಮೂರು ವಿಷಯಗಳನ್ನು ನೋಡಿ. ಆ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಅಥವಾ ಅದು ಸೇರಿರುವ ಮಾನ್ಯ ವಿಶ್ವವಿದ್ಯಾಲಯದ ಅನುಮತಿ ಈ ವರ್ಷಕ್ಕೆ ಇದೆಯೇ? ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ? ಮಕ್ಕಳು ತರಬೇತಿ ಪಡೆಯುವ ಆಸ್ಪತ್ರೆ ಯಾವುದು, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ? ಮೂರನೆಯದನ್ನು ತಿಳಿಯಲು ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಬಂದರೆ ಸಾಕು.

ಪಾಲಕರಿಗೆ, ಮಕ್ಕಳಿಗೆ

ಪಟ್ಟಿಯಲ್ಲಿ ಹೆಸರು ಬಾರದ ಮಕ್ಕಳು ಧೈರ್ಯಗೆಡಬಾರದು. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾಕ್ಕೆ ವಿಜ್ಞಾನದ ಹೊರತಾಗಿ ಕಲಾ, ವಾಣಿಜ್ಯ ವಿಭಾಗದವರೂ ಅರ್ಜಿ ಹಾಕಬಹುದು. ಅದನ್ನು ಮುಗಿಸಿ ನೋಂದಣಿಯಾದವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮೂಲಕ ಪದವಿಯನ್ನೂ ಪಡೆಯಬಹುದು. ದಾರಿ ಸ್ವಲ್ಪ ಸುತ್ತು, ಆದರೆ ತಲುಪುವುದು ಅದೇ ವಾರ್ಡಿಗೆ.

ಆಯ್ಕೆಯಾದ ಮಕ್ಕಳ ವಿಷಯದಲ್ಲಿ ನಮ್ಮ ಹೊಣೆ ಪಟ್ಟಿ ಪ್ರಕಟಿಸಿದಲ್ಲಿಗೆ ಮುಗಿಯುವುದಿಲ್ಲ. ಸ್ಟಾಫರ್ಡ್ ಆಸ್ಪತ್ರೆಯ ವರದಿ ಕಲಿಸುವ ಇನ್ನೊಂದು ಪಾಠವಿದು: ಒಳ್ಳೆಯ ಮನಸ್ಸಿನವರನ್ನು ಆರಿಸಿ ತಂದು, ಅತಿಯಾದ ಕೆಲಸದಲ್ಲಿ ನಲುಗಿಸಿದರೆ ಆ ಮನಸ್ಸೂ ಕಲ್ಲಾಗುತ್ತದೆ. ಹಸಿದ ಮಗು ರೋಗಿಯ ಹಸಿವನ್ನು ಕೇಳಲಾರದು. ಆದ್ದರಿಂದ ಬಡ ವಿದ್ಯಾರ್ಥಿಗಳಿಗೆ ಪ್ರಸಾದ ನಿಲಯ, ಹಿಂದುಳಿದ ವಿಷಯಗಳಿಗೆ ಸಂಜೆಯ ಪಾಠ, ಮನಸ್ಸು ಕುಗ್ಗಿದಾಗ ಮಾತಾಡಲು ಒಬ್ಬ ಹಿರಿಯ ಶಿಕ್ಷಕಿ ಇವು ಆಯ್ಕೆಯಷ್ಟೇ ಮುಖ್ಯವೆಂದು ನಾವು ಭಾವಿಸಿದ್ದೇವೆ. ಬಡತನಕ್ಕೆ ಸೀಟಿನಲ್ಲಿ ರಿಯಾಯಿತಿ ಕೊಡಲಾಗದಿದ್ದರೂ, ಸೀಟು ಪಡೆದ ಮಗು ಬಡತನದಿಂದ ಓದು ಬಿಡದಂತೆ ನೋಡಿಕೊಳ್ಳುವುದು ದಾಸೋಹದ ಭಾಗ.

ಅರ್ಜಿ ಹಾಕಲಿರುವ ಮಕ್ಕಳಿಗೆ ಒಂದು ಸಲಹೆ. ಸಂದರ್ಶನಕ್ಕೆಂದು ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ. ಈ ಒಂದು ತಿಂಗಳು ಮನೆಯಲ್ಲಿ, ನೆರೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರ ಬಳಿ ದಿನಕ್ಕೆ ಅರ್ಧ ಗಂಟೆ ಕುಳಿತುಕೊಳ್ಳಿ. ನೀರು ಕೊಡಿ, ಬೆನ್ನಿಗೆ ದಿಂಬು ಸರಿಪಡಿಸಿ, ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ಕೇಳಿ. ಬೇಸರವಾದರೆ ಬೇಸರವಾಯಿತೆಂದು ಗಮನಿಸಿ, ಮರುದಿನ ಮತ್ತೆ ಹೋಗುವ ಮನಸ್ಸಾಗುತ್ತದೆಯೇ ನೋಡಿ. ಆಗುವುದಾದರೆ ಈ ವಿದ್ಯೆ ನಿಮ್ಮದು. ನಮ್ಮ ಪರೀಕ್ಷಕರಿಗಿಂತ ಮೊದಲೇ ನಿಮಗೆ ಅದು ತಿಳಿದಿರುತ್ತದೆ.

ಎಲ್ಲರಿಗೂ ಗುರುಬಸವಾದಿ ಶರಣರ ಕೃಪೆಯಿರಲಿ. ಶರಣು ಶರಣಾರ್ಥಿ.

– ಕಾರ್ಯದರ್ಶಿ, ಶ್ರೀಮಠ